ಅಳಿಸಿದ ಸಾಲು

ಗೋವಾದ ಮಡ್ಕಯಿಯ ಕೆಮಿಕಲ್ ಕಾರ್ಖಾನೆಯಲ್ಲಿ ಯಾವ ಕೆಲಸ ಹೇಗೆ ಮಾಡಬೇಕೆಂಬ ಸ್ಟ್ಯಾಂಡರ್ಡ್‌ಗಳನ್ನು ಟೈಪ್ ಮಾಡುವವಳು ಶ್ವೇತಾ. ಟ್ಯಾಂಕ್ ತೊಳೆಯುವ ಸ್ಟ್ಯಾಂಡರ್ಡ್‌ನಲ್ಲಿ ಇಂಗ್ಲಿಷ್ ಎಚ್ಚರಿಕೆಯ ಕೆಳಗೆ ಅವಳು ಕನ್ನಡದಲ್ಲೂ ಒಂದು ಸಾಲು ಸೇರಿಸಿದ್ದಳು: 'ಗಾಳಿ ಪರೀಕ್ಷಿಸದೆ ಒಳಗೆ ಇಳಿಯಬೇಡಿ.' ಮ್ಯಾನೇಜರ್ ಒಪ್ಪಲಿಲ್ಲ. ಸ್ಟ್ಯಾಂಡರ್ಡ್‌ನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಇರಕೂಡದು, ಮುಂಬಯಿ ಆಫೀಸಿನ ಕಂಪ್ಯೂಟರಿನಲ್ಲಿ ಅವು ಬರೀ ಖಾಲಿ ಚೌಕಗಳಾಗಿ ಕಾಣುತ್ತವೆ ಎಂದರು. ಅವಳು ಅಳಿಸಿದಳು.

ಅದು ಎರಡು ಸಾವಿರದ ಆರರ ಮಳೆಗಾಲ. ಟ್ಯಾಂಕ್ ತೊಳೆಯುವ ಬಾಗಲಕೋಟೆ ಕಡೆಯ ಪರಮಣ್ಣ ಗಾಳಿ ನೋಡದೆ ಒಳಗೆ ಇಳಿದ. ಮೇಲೆ ಬಂದದ್ದು ಹೆಣ. ವಿಚಾರಣೆಗೆ ಬಂದವರಿಗೆ ಸ್ಟ್ಯಾಂಡರ್ಡ್ ತೋರಿಸಿದರು. ಇಂಗ್ಲಿಷಿನಲ್ಲಿ ಎಲ್ಲ ಸರಿಯಾಗಿಯೇ ಬರೆದಿತ್ತು. ತಪ್ಪು ಸತ್ತವನ ತಲೆಗೆ ಬಿತ್ತು.

ಅವನ ಹೆಂಡತಿ ಸಾವಂತ್ರೆವ್ವ ಬುತ್ತಿ ಡಬ್ಬಿ, ಚಪ್ಪಲಿ ಒಯ್ಯಲು ಬಂದಳು. ಶ್ವೇತಾಳಿಗೆ ತಡೆಯಲಾಗಲಿಲ್ಲ.

"ಅಣ್ಣಾರಿಗೆ ಓದಾಕ ಬರ್ತಿತ್ತೇನ್ರಿ ಅಕ್ಕಾ?"

ಅವಳು ಇಲ್ಲ ಅಂದುಬಿಟ್ಟರೆ ಶ್ವೇತಾಳಿಗೆ ಸಾಕಾಗಿತ್ತು.

"ಕನ್ನಡ ಚಲೋ ಓದ್ತಿದ್ರವ್ವಾ. ಪೋಂಡಾ ಸ್ಟ್ಯಾಂಡಿನ್ಯಾಗ ಬಾಗಲಕೋಟಿ ಬಸ್ಸಿನ ಬೋರ್ಡ್ ಓದಿ ಅವರೇ ನನ್ನ ಹತ್ತಸ್ತಿದ್ರು. ಯಾಕ ಕೇಳ್ತಿ?"

ಶ್ವೇತಾ ಚಪ್ಪಲಿಗಳನ್ನು ಹಾಳೆಯಲ್ಲಿ ಸುತ್ತಿ ಅವಳ ಕೈಗಿಟ್ಟಳು.

ಮರುದಿನ ಫೈಲು ತೆರೆದರೆ ಎಚ್ಚರಿಕೆಯ ಕೆಳಗೆ ಖಾಲಿ ಚೌಕಗಳ ಸಾಲೊಂದು ನಿಂತಿತ್ತು. ಅಳಿಸಿದಳು. ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಇತ್ತು. ಬೆನ್ನ ಹಿಂದೆ ಒದ್ದೆ ಗಮ್‌ಬೂಟಿನ ಸಪ್ಪಳ, ತಂಬಾಕಿನ ವಾಸನೆ. ತಿರುಗಿದರೆ ಯಾರೂ ಇಲ್ಲ.

"ಏನ್ ಬರದೈತಿ ತಂಗಿ?" ಕಿವಿಯ ಹತ್ತಿರವೇ ಕೇಳಿತು.

ಅವಳು ಆ ಚೌಕಗಳ ಜಾಗದಲ್ಲಿ ಕನ್ನಡ ಅಕ್ಷರಗಳನ್ನು ಕೂರಿಸಿ, ಗಟ್ಟಿಯಾಗಿ ಓದಿದಳು. ಸಪ್ಪಳ ನಿಂತಿತು.

ಅದನ್ನು ಕಂಡ ಮ್ಯಾನೇಜರ್ ಕೆಂಡವಾದರು. ಈ ಸಲ ನೀವೇ ಅಳಿಸಿ ಎಂದು ಶ್ವೇತಾ ಅವರ ಕೊಂಕಣಿಯಲ್ಲೇ ಹೇಳಿ ಕುರ್ಚಿ ಬಿಟ್ಟು ಎದ್ದಳು. ಅವರು ಕೂತು ಅಳಿಸುವ ಕೀಲಿಯ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ಯಾರೋ ಕರೆದವರಂತೆ ಥಟ್ಟನೆ ಹಿಂದೆ ನೋಡಿದರು. ಮುಖ ಬಿಳಿಚಿಕೊಂಡಿತು. ಕುರ್ಚಿ ಬಿಟ್ಟು ಹೊರಟುಹೋದರು. ಸಂಜೆಯೊಳಗೆ ಕನ್ನಡ ಸಾಲಿನ ಸಮೇತ ಮುದ್ರಿಸಿದ ಹಾಳೆಗೆ ಅವರ ಸಹಿ ಬಿದ್ದಿತ್ತು.

ಮುಂದಿನ ಸಲ ಟ್ಯಾಂಕ್ ತೊಳೆಯಲು ಬಂದವನು ಭೀಮಶಿ, ಊರಿಂದ ಹೊಸದಾಗಿ ಬಂದವನು. ಮುಚ್ಚಳದ ಪಕ್ಕ ಅಂಟಿಸಿದ್ದ ಆ ಹಾಳೆಯ ಕನ್ನಡ ಸಾಲನ್ನು ಓದಿ, ಏಣಿಗೆ ಇಟ್ಟಿದ್ದ ಕಾಲು ಹಿಂದೆ ತೆಗೆದ.

"ಮೊದಲ ಗಾಳಿ ನೋಡ್ರಿ. ಆಮ್ಯಾಲ ಇಳಿತೇನಿ."

ಗಾಳಿ ಅಳೆಯುವ ಯಂತ್ರ ಒಳಗೆ ಇಳಿಬಿಟ್ಟ ಕೂಡಲೇ ಕೀರೆಂದು ಕೂಗತೊಡಗಿತು: ಒಳಗೆ ವಿಷಗಾಳಿ. ಆ ದಿನ ಯಾರೂ ಇಳಿಯಲಿಲ್ಲ. ಎಲ್ಲರೂ ಚಹಾಕ್ಕೆ ಹೋದರೂ ಶ್ವೇತಾ ಟ್ಯಾಂಕಿನ ತೆರೆದ ಬಾಯಿಯ ಹತ್ತಿರವೇ ನಿಂತಿದ್ದಳು. ತಿರುಗಿದರೆ ಈ ಸಲ ಪರಮಣ್ಣ ನಿಂತಿರುತ್ತಾನೆಂದು, ಒಳಗಿನ ಕತ್ತಲೆಯಿಂದ ಕಣ್ಣು ಕೀಳಲು ಅವಳಿಗೆ ಧೈರ್ಯ ಸಾಲಲಿಲ್ಲ.