ಉಂಡು ಹೋಗವ್ವ

ರತ್ನಕ್ಕನ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಯಲಹಂಕದ ನಾಗಲಿಂಗಪ್ಪನ ಖಾನಾವಳಿಯಲ್ಲಿ ವರ್ಷಗಟ್ಟಲೆ ಜೋಳದ ರೊಟ್ಟಿ ಬಡಿದ ಕೈ ಅದು. ಈಚೆಗೆ ಪಕ್ಕದ ಒಲೆಯ ಸ್ಮಿತಾ ಮೂರು ರೊಟ್ಟಿ ತೆಗೆಯುವಷ್ಟರಲ್ಲಿ ಇವಳದು ಒಂದು.

ನಾಗಲಿಂಗಪ್ಪ ಒರಟು ಮಾತಿನ ಮನುಷ್ಯನೇ ಅಲ್ಲ. ಕೆಲಸದಿಂದ ತೆಗೆದದ್ದೂ ಮೊಸರು ಬಡಿಸಿದಷ್ಟು ಮೆತ್ತಗೆ.

“ತಂಗಿ, ನಿನ್ನ ಕೈ ದಣದೈತಿ. ನಾಳಿಂದ ಮನ್ಯಾಗ ಆರಾಮ ಇರು.”

“ಹಂಗಾರ ನನ್ನ ಪಗಾರ, ಅಣ್ಣಾ?”

“ಅದೆಲ್ಲಿ ಓಡಿ ಹೋಗ್ತೈತಿ? ಸೋಮವಾರ ಬಾ. ಈಗ ಉಂಡು ಹೋಗವ್ವ.”

ಪಗಾರ ಓಡಿ ಹೋಗಲಿಲ್ಲ, ನಿಜ. ಗಲ್ಲಾಪೆಟ್ಟಿಗೆ ಬಿಟ್ಟು ಅಲುಗಲೇ ಇಲ್ಲ.

ಸೋಮವಾರ ಹೋದಳು. ಬಾಯಿ ತೆರೆಯುವ ಮೊದಲೇ ಎಣ್ಣೆಗಾಯಿಯ ತಟ್ಟೆ ಮುಂದೆ ಬಂತು. “ಮೊದ್ಲ ಉಣ್ಣು, ಆಮ್ಯಾಲೆ ಮಾತು.” ಉಂಡಳು. ಉಂಡ ಮನೆಯಲ್ಲಿ ಕೈ ತೊಳೆದ ನೀರು ಆರುವ ಮೊದಲೇ ರೊಕ್ಕ ಕೇಳುವುದು ಹೇಗೆ? ಅವಳ ವಿಜಯಪುರದ ಕಡೆ ಹಾಗೆ ಕೇಳುವವರಿಲ್ಲ. ಗುರುವಾರ ಶೇಂಗಾ ಹೋಳಿಗೆ. ಮುಂದಿನ ವಾರ ಝುಣಕ. ಕೇಳಬೇಕಾದ ಮಾತು ಪ್ರತಿಸಲವೂ ರೊಟ್ಟಿಯ ಜೊತೆ ಒಳಗೇ ಇಳಿಯಿತು.

ಬಾಡಿಗೆ ಕೋಣೆಯ ಒಡತಿ ಗೋಪಾಲಮ್ಮ ಬಾಗಿಲಿಗೆ ಬಂದಳು. “ಏನ್ ರತ್ನಮ್ಮಾ, ಊಟ ಮೈಗೆ ಚೆನ್ನಾಗ್ ಅತ್ತೈತೆ! ಬಾಡಿಗೆ ಮಾತ್ರ ಯಾಕೆ ಇಂಗೆ ಸೊರಗೋಗೈತೆ? ಭಾನುವಾರದೊಳಗೆ ಕೊಡ್ದಿದ್ರೆ ಸಾಮಾನು ಈಚೆಗಿಡ್ತೀನಿ ಕಣಮ್ಮ.”

ಮರುದಿನ ರತ್ನಕ್ಕ ತಟ್ಟೆ ಮುಟ್ಟದೆ ನಿಂತಳು. ನಾಗಲಿಂಗಪ್ಪ ನಗುತ್ತಲೇ ಎರಡು ನೋಟು ಚಾಚಿದ.

“ಇಷ್ಟಽ ಏನ್ರೀ?”

“ಕೈ ನಿಧಾನ ಆದ ತಿಂಗಳಿಗೆ ಅರ್ಧ ಪಗಾರ, ತಂಗಿ. ಅದ್ರಾಗ ನೀ ಬಂದ್ ಬಂದ್ ಉಂಡಿದ್ದು ಮುರಕೊಂಡೀನಿ. ಹೋಳಿಗೀಗೆ ಮಾತ್ರ ರೊಕ್ಕ ಹಿಡಿದಿಲ್ಲ ನೋಡು. ನೀ ನಮ್ಮ ಕಡ್ಯಾಕಿ!”

ನೋಟನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದಳು.

ಮಾರನೆಯ ಮಧ್ಯಾಹ್ನ ಆಫೀಸಿನವರು ಊಟಕ್ಕೆ ಸಾಲು ನಿಂತಿದ್ದರು. ರತ್ನಕ್ಕ ಖಾನಾವಳಿಯ ಮೆಟ್ಟಿಲ ಮೇಲೆ ಕುಳಿತು ಬುತ್ತಿಯ ಗಂಟು ಬಿಚ್ಚಿದಳು. ಮನೆಯ ರೊಟ್ಟಿ, ಕೆಂಪು ಖಾರ, ಒಂದು ಉಳ್ಳಾಗಡ್ಡಿ. ಖಾನಾವಳಿಯ ಬಾಗಿಲಲ್ಲೇ ಯಾರಾದರೂ ಬುತ್ತಿ ಬಿಚ್ಚಿದರೆ, ಒಳಗೇನೋ ಕೆಟ್ಟಿದೆ ಅಂತಲೇ ಅರ್ಥ.

“ಯಾಕಕ್ಕಾ, ಒಳಗೆ ಊಟ ಸರಿಯಿಲ್ವಾ?” ಸಾಲಿನಲ್ಲಿದ್ದವನೊಬ್ಬ ಕೇಳಿದ.

“ಭಾಳ ಚಲೋ ಐತ್ರಿ. ನನಗ ತುಟ್ಟಿ ಆತು, ಅಷ್ಟಽ. ಉಣ್ಣಾಕ ಕರದು ಕರದು ನನ್ನ ಪಗಾರನಽ ಉಣಿಸಿಬಿಟ್ರು.”

ಜನ ನಕ್ಕರು. ನಗುತ್ತಲೇ ನಾಗಲಿಂಗಪ್ಪನ ಕಡೆ ತಿರುಗಿದರು. ಅವನು ಓಡಿ ಬಂದ.

“ಏ ತಂಗಿ, ಮಂದಿ ನೋಡ್ತಾರ. ಒಳಗ ಬಾ, ಉಂಡು ಹೋಗವ್ವ.”

“ಒಲ್ಲೆ ಅಣ್ಣಾ. ನಿಮ್ಮ ಉಪಚಾರ ತಡಕೊಳ್ಳೋ ಶಕ್ತಿ ನನಗಿಲ್ಲ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ಮಿತಾ ಹಿಟ್ಟಿನ ಕೈಯಲ್ಲೇ ಹೊರಬಂದು ಪಕ್ಕದಲ್ಲಿ ಕುಳಿತಳು. ಅವಳ ಹಿಂದೆಯೇ ಮಿಕ್ಕ ಒಲೆಗಳ ಹೆಂಗಸರೂ ಬಂದರು.

“ನಮಗೂ ಒಂದ್ ಚೂರು ಕೊಡಕ್ಕಾ,” ಎಂದಳು ಸ್ಮಿತಾ. “ಒಳಗ ಉಂಡ್ರ ನಾಳೆ ನಮ್ಮ ಪಗಾರಕ್ಕೂ ಇದಽ ಗತಿ.”

ಖಾಲಿ ಹಂಚುಗಳು ಹೊಗೆಯಾಡತೊಡಗಿದವು. ನಾಗಲಿಂಗಪ್ಪ ಸಾಲು ನೋಡಿದ, ಗಲ್ಲಾಪೆಟ್ಟಿಗೆ ನೋಡಿದ.

“ಪೂರಾ ಕೊಡ್ತೀನಿ, ಮೊದ್ಲ ಏಳ್ರವ್ವಾ! ಲಗೂನ!”

“ತರ್ರಿ ಅಣ್ಣಾ, ಇಲ್ಲೇ ಕುಂತಿರ್ತೀವಿ,” ಎಂದು ರತ್ನಕ್ಕ ಊದಿದ ಕೈಯಿಂದ ಮೆಲ್ಲಗೆ ರೊಟ್ಟಿ ಮುರಿದಳು. “ಲಗೂನ ಉಣ್ಣಾಕ ಆಗಂಗಿಲ್ಲ. ನನ್ನ ಕೈ ನಿಧಾನ ಅಂತ ನೀವಽ ಅಂದೀರಲ್ಲ.”