ಮುಟ್ಟಿ ನೋಡಿ ಬನ್ನಿ

ಹೆಡ್ಮಾಸ್ತರ ವೆಂಕಟಸುಬ್ಬಯ್ಯನವರು ಜೇಬಿನಿಂದ ಕಾಗದ ತೆಗೆದು ಓದತೊಡಗಿದಾಗ ಇಂದ್ರಮ್ಮ ಹೂವಿನ ಬುಟ್ಟಿಯನ್ನು ನೆಲಕ್ಕಿಟ್ಟಳು. ಅಶೋಕಪುರಂನ ಆ ಮನೆಯ ಮುಂದೆ, ಚಪ್ಪರದಡಿ, ಗುರುಸಿದ್ದಯ್ಯ ಮೇಷ್ಟ್ರ ಹೆಣ ಮಲಗಿತ್ತು. ಊರೆಲ್ಲ ಚಪ್ಪರದೊಳಗಿತ್ತು. ಹೆಡ್ಮಾಸ್ತರರು ಮಾತ್ರ ಚಪ್ಪಲಿ ಬಿಡದೆ ಬೀದಿಯಲ್ಲೇ ನಿಂತಿದ್ದರು.

"ಪೂರ್ಣಚಂದ್ರನಂಥ ಮುಖ, ಕಮಲದಂಥ ಕೈ, ಕಲ್ಪವೃಕ್ಷದಂಥ ಮನಸ್ಸು..."

ಇಂದ್ರಮ್ಮನ ಮೈ ಉರಿಯಿತು. ಮಗುವನ್ನು ಚಿವುಟಿದವರೇ ತೊಟ್ಟಿಲು ತೂಗಲು ಬಂದಿದ್ದರು. ಏನಾದರೂ ಅನ್ನೋಣವೆಂದರೆ ಅವಳೀಗ ಅವರದೇ ಶಾಲೆಯಲ್ಲಿ ಟೀಚರು. ಕೆಲಸ ಖಾಯಮಾಗಬೇಕಾದರೆ ಬರುವ ತಿಂಗಳು ಇದೇ ಮನುಷ್ಯ ರುಜು ಹಾಕಬೇಕು. ಹಲ್ಲು ಕಚ್ಚಿಕೊಂಡು ನಿಂತಳು.

*

ಹನ್ನೊಂದು ವರ್ಷದ ಹಿಂದೆ, ಐವತ್ತೊಂದನೇ ಇಸವಿಯಲ್ಲಿ, ಅವಳು ಕುಂಬಾರಕೊಪ್ಪಲಿನ ಶಾಲೆಯಲ್ಲಿ ಐದನೇ ತರಗತಿ. "ಅಮ್ಮನ ಕೈ ಯಾವುದರಂತಿದೆ, ಬರೀರಿ" ಎಂದಿದ್ದರು ಮೇಷ್ಟ್ರು. ನಲವತ್ತು ಪುಸ್ತಕಗಳಲ್ಲೂ ಕಮಲ ಅರಳಿತ್ತು.

"ಕಮಲ ಮುಟ್ಟಿರೋರು ಯಾರ್ರೋ ಇಲ್ಲಿ?"

ಒಂದು ಕೈಯೂ ಮೇಲೇಳಲಿಲ್ಲ.

"ಹಂಗಾದ್ರೆ ಎದ್ದೇಳಿ. ಮನೆಗೋಗಿ ನಿಮ್ಮಮ್ಮನ ಕೈ ಮುಟ್ಟಿ ನೋಡಿ ಬನ್ನಿ. ಆಮೇಲೆ ಬರೀರಿ."

ಇಡೀ ತರಗತಿ ಬೀದಿಗೆ ಬಿತ್ತು. ಇಂದ್ರಿ ಓಡಿಹೋದಾಗ ಅವ್ವ ಕಲಸಿದ ಜೇಡಿಮಣ್ಣಿನಿಂದ ಕಲ್ಲು ಹೆಕ್ಕುತ್ತಿದ್ದಳು. "ಒಂದು ಹರಳು ಉಳಿದ್ರೂ ಮಡಕೆ ಸೀಳೋಯ್ತದೆ ಕಣವ್ವ" ಎಂದು, ಕೆಲಸ ಬಿಡದೆಯೇ ಒಂದು ಕೈ ಕೊಟ್ಟಳು.

ಇಂದ್ರಿ ವಾಪಸು ಬಂದು ಬರೆದಳು: 'ಅವ್ವನ ಕೈ ಹಸಿ ಮಡಕೆಯಂತಿದೆ. ತಣ್ಣಗಿದೆ. ಗಟ್ಟಿಯಾಗಿ ಹಿಡಿಯಲು ಭಯವಾಗುತ್ತದೆ.'

ಮೇಷ್ಟ್ರು ಎರಡು ಸಲ ಓದಿದರು. "ಇದು ನಿನಗೊಬ್ಬಳಿಗೇ ಗೊತ್ತಿತ್ತು. ಈಗ ನನಗೂ ಗೊತ್ತಾಯ್ತು" ಎಂದರು.

ಅಷ್ಟರಲ್ಲಿ, ಬೀದಿಯಲ್ಲಿ ಮಕ್ಕಳನ್ನು ಕಂಡ ಹೆಡ್ಮಾಸ್ತರರು ಒಳಗೆ ಬಂದು ಆ ಪುಸ್ತಕ ಕಿತ್ತುಕೊಂಡರು. 'ಹಸಿ ಮಡಕೆ'ಯನ್ನು ಕೆಂಪು ಇಂಕಿನಲ್ಲಿ ಹೊಡೆದುಹಾಕಿ 'ಕಮಲ' ಎಂದು ಬರೆದರು.

"ಉಪಮೆ ಅಂದ್ರೆ ಏನೂಂತ ನಿಮ್ಮ ಕೇರಿಯೋರಿಗೆ ಎಲ್ಲಿಂದ ಗೊತ್ತಾಗ್ಬೇಕು ಗುರುಸಿದ್ದಯ್ಯ? ನಾಳೆಯಿಂದ ಒಂದನೇ ತರಗತೀಲಿ ಅ ಆ ತಿದ್ದಿಸ್ಕೊಂಡಿರಿ."

ಹನ್ನೊಂದು ವರ್ಷ ತಿದ್ದಿಸಿದರು. ಹೋದ ಶನಿವಾರದವರೆಗೂ ತಿದ್ದಿಸಿದರು. ಅಂಥ ಮೇಷ್ಟ್ರು ಆಮೇಲೆ ಒಂದು ವಾಕ್ಯವನ್ನೂ ಬರೆಸದೆ ಹೋದರಲ್ಲ ಎಂಬ ಸಂಕಟ ಇಂದ್ರಮ್ಮನಿಗೆ ಸಾವಿಗಿಂತ ದೊಡ್ಡದಾಗಿ ಕಂಡಿತು.

*

"...ಆ ಕಮಲದಂಥ ಕೈಗಳು ಇನ್ನು ನಮಗೆಲ್ಲಿ" ಎಂದು ಹೆಡ್ಮಾಸ್ತರರು ಕಾಗದ ಮಡಿಸಿ ಜೇಬಿಗಿಟ್ಟರು.

"ಸಾರ್" ಎಂದಳು ಇಂದ್ರಮ್ಮ. "ಒಳಗೆ ಬಂದು ಒಂದ್ಸಲ ಮೇಷ್ಟ್ರ ಕೈ ಮುಟ್ಟಿ ನೋಡಿ. ಆಮೇಲೆ ಕಮಲ ಅನ್ನಿ."

ವೆಂಕಟಸುಬ್ಬಯ್ಯನವರ ಕೈ ಜೇಬಿನಿಂದ ಹೊರಗೆ ಬರಲಿಲ್ಲ.

"ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ ಇಂದ್ರಮ್ಮ. ನೆನಪಿರಲಿ."

"ನೆನಪಿದೆ ಸಾರ್. ನಿಮ್ಮ ಕೆಂಪು ಇಂಕೂ ನೆನಪಿದೆ."

ಅವರು ಛತ್ರಿ ಬಿಚ್ಚಿಕೊಂಡು ಹೊರಟುಹೋದರು. ಹೆಣದ ತಲೆದೆಸೆಯಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ ಬೋರಮ್ಮ ಗಂಡನ ಕೈ ಹಿಡಿದುಕೊಂಡೇ ಹೇಳಿದರು: "ಓಗ್ಲಿ ಬುಡವ್ವ. ಒಂದಿನಾನೂ ಮುಟ್ಟದೋರಿಗೆ ಎಂಗೆ ಗೊತ್ತಾದದು."

ಇಂದ್ರಮ್ಮ ಬಗ್ಗಿ ಇನ್ನೊಂದು ಕೈ ಹಿಡಿದಳು. ಬಳಪ ಹಿಡಿದ ಪುಟ್ಟ ಬೆರಳುಗಳನ್ನು ತಿದ್ದಿ ತಿದ್ದಿ, ಹೆಬ್ಬೆರಳು ಒಳಮುಖವಾಗಿ ಬಾಗಿಹೋಗಿತ್ತು. ಆ ಕೈ ಯಾವುದರಂತಿದೆ ಎಂದು ಹೇಳಲು ಅವಳಿಗೆ ಮಾತು ಹೊಳೆಯಲಿಲ್ಲ.

ಮಧ್ಯಾಹ್ನ ಗುಂಡಿಗಿಳಿಸಿದರು. ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಿ ಸರಿಯುತ್ತಿದ್ದರು. ಇಂದ್ರಮ್ಮನ ಸರದಿ ಬಂತು. ಅವಳು ಮೊದಲ ಹಿಡಿಯನ್ನು ಅಂಗೈಯಲ್ಲಿ ಹರಡಿಕೊಂಡು ನಿಂತೇಬಿಟ್ಟಳು.

"ಬಿಸ್ಲು ಕಣವ್ವ, ಬೇಗ ಹಾಕು" ಎಂದರು ಹಿಂದಿನಿಂದ ಯಾರೋ.

ಅವಳು ತಲೆಯೆತ್ತಲಿಲ್ಲ. ಮಣ್ಣಿನಲ್ಲಿದ್ದ ಹರಳುಗಳನ್ನು ಒಂದೊಂದಾಗಿ ಹೆಕ್ಕಿ ಪಕ್ಕಕ್ಕೆ ಹಾಕುತ್ತಿದ್ದಳು.