ಟ್ಯಾಂಕಿನ ಗಾಳಿ ಕೊಳವೆ

ಬಾನೆಟ್ಟು ತೆರೆದು ನಿಂತ ಕೆಂಪು ಕಾರು, ಅದರ ಮೇಲೆ ಸೊಂಟದವರೆಗೆ ಬಾಗಿದ ದಸ್ತಗೀರ್ ಮೇಸ್ತ್ರಿ. ಆ ಬೇಸಿಗೆಯನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಇದೇ.

ಕಾರು ವಕೀಲ ನಾಗಭೂಷಣರ ತಂದೆಯ ಕಾಲದ್ದು. ಅದರ ಇಂಜಿನ್ ಕೈಕೊಟ್ಟಿತ್ತು, ಬದಲಿಗೆ ಹಳೆಯ ಬಗೆಯ, ಕಾರ್ಬುರೇಟರಿನ ಇಂಜಿನ್ ಕೂರಿಸುವುದೆಂದಾಯಿತು. ಇಂಜಿನ್ ಕೆಲಸ ಮೇಸ್ತ್ರಿಯದು. ಪೆಟ್ರೋಲ್ ಟ್ಯಾಂಕನ್ನು ಅದಕ್ಕೆ ಹೊಂದಿಸುವುದು ನನ್ನದು. ನಾನು ಆಗಷ್ಟೇ ಸ್ವಂತ ರಿಪೇರಿ ಅಂಗಡಿ ತೆರೆದಿದ್ದೆ, ಜಂಬಕ್ಕೇನೂ ಕಡಿಮೆ ಇರಲಿಲ್ಲ. ಟ್ಯಾಂಕಿನೊಳಗಿದ್ದ ಪಂಪು ತೆಗೆದೆ, ಬೇಡವೆಂದು ಕಂಡ ಕೊಳವೆಗಳ ಬಾಯಿಗೆ ಬೆಸುಗೆ ಹಾಕಿ ಮುಚ್ಚಿದೆ.

ಕಾರು ಎರಡು ಮೈಲಿ ಓಡಿ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಹೊರಡುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಮೇಸ್ತ್ರಿ ನಾಲ್ಕು ಸಲ ಕಾರ್ಬುರೇಟರ್ ಬಿಚ್ಚಿ ಜೋಡಿಸಿದರು. ನಾಲ್ಕನೆಯ ಸಲ ನನ್ನ ಕಡೆ ತಿರುಗಿ, "ಟ್ಯಾಂಕಿಗೆ ಗಾಳಿ ಆಡ್ತದೇನಪ್ಪಾ?" ಎಂದರು.

ನನಗೆ ಸಿಟ್ಟು ಬಂತು. "ಆಡ್ತದೆ ಸಾಬ್ರೇ. ನನ್ ಕೆಲ್ಸ ನಾನು ನೋಡ್ಕಂಡಿದೀನಿ."

"ನೀನ್ ಹೇಳಿದ್ ಮೇಲೆ ಆಯ್ತು ಬಿಡು," ಎಂದು ಅವರು ಮತ್ತೆ ಬಾನೆಟ್ಟಿನ ಮೇಲೆ ಬಾಗಿದರು.

ಮರುದಿನ ಕಾರು ನಿಂತಾಗ ಪೆಟ್ರೋಲ್ ಎಷ್ಟಿದೆಯೆಂದು ನೋಡಲು ಮುಚ್ಚಳ ತಿರುಗಿಸಿದೆ. ಟ್ಯಾಂಕು ಸುಯ್ಯೆಂದು ಗಾಳಿ ಎಳೆದುಕೊಂಡಿತು. ನಾನು ಮುಚ್ಚಿದ್ದ ಕೊಳವೆಗಳಲ್ಲೊಂದು ಗಾಳಿಯದು. ಗಾಳಿ ಒಳಬಾರದೆ ಪೆಟ್ರೋಲ್ ಇಂಜಿನ್ ತನಕ ಹೋಗುತ್ತಲೇ ಇರಲಿಲ್ಲ. ಅದೇ ಹೊತ್ತಿಗೆ ಮುಂದುಗಡೆ ವಕೀಲರು ಹೇಳುತ್ತಿದ್ದರು: "ಸಾಕು ಮೇಸ್ತ್ರಿ. ವಯಸ್ಸಾಯ್ತು, ನಿಮ್ಮ ಕೈ ಮೊದಲಿನ ಹಾಗಿಲ್ಲ. ಇನ್ನು ಇವನೇ ನೋಡ್ಲಿ." ಜನ ಸೇರಿದ್ದರು. ನನ್ನದೊಂದು ಮಾತು ಸಾಕಿತ್ತು. ನಾನು ಮುಚ್ಚಳ ಬಿಗಿ ಮಾಡುತ್ತ ನಿಂತೆ. ಹೇಡಿ ನಾನು. ಈಗಲೂ ನೆನೆದರೆ ಮುಖ ಎತ್ತಲು ನಾಚಿಕೆಯಾಗುತ್ತದೆ.

ಕಾರನ್ನು ನನ್ನ ಅಂಗಡಿಗೆ ತಂದು, ಬಾಗಿಲು ಹಾಕಿಕೊಂಡು ಟ್ಯಾಂಕಿನ ಮುಚ್ಚಳಕ್ಕೆ ಸೂಜಿಯಷ್ಟು ತೂತು ಕೊರೆದೆ. ಹತ್ತು ನಿಮಿಷದ ಕೆಲಸ. ಕಾರು ಊರೆಲ್ಲ ಸುತ್ತಿ ಬಂತು. "ತೊಂದರೆ ಕಾರ್ಬುರೇಟರಿನದೇ ತಾನೆ?" ಎಂದು ವಕೀಲರು ಕೇಳಿದಾಗ ಹೌದೆಂದು ತಲೆಯಾಡಿಸಿದೆ. ಅಷ್ಟು ಸಾಕಾಯಿತು. ಮೇಸ್ತ್ರಿಯ ಬಳಿಗೆ ಗಾಡಿಗಳು ಬರುವುದು ನಿಂತಿತು.

ಎರಡು ತಿಂಗಳಾದ ಮೇಲೆ ಅವರು ತಮ್ಮ ಸ್ಕೂಟರನ್ನು ತಳ್ಳಿಕೊಂಡು ನನ್ನ ಅಂಗಡಿಗೆ ಬಂದರು. ಆ ಸ್ಕೂಟರನ್ನು ಅವರು ಯಾರಿಗೂ ಮುಟ್ಟಗೊಟ್ಟವರಲ್ಲ.

"ಕಾರ್ಬುರೇಟರ್ ಬಿಚ್ಚಿ ತೊಳ್ದು ಜೋಡಿಸ್ದೆ ಕಣಪ್ಪಾ. ಸರಿ ಮಾಡಿದೀನಿ ಅಂತ ನಂಗೇ ನಂಬ್ಕೆ ಬರಾಕಿಲ್ಲ. ಒಂದ್ಸಲ ನೀನ್ ನೋಡ್ಬಿಡು."

ಬಿಚ್ಚಿ ನೋಡಿದೆ. ಎಲ್ಲವೂ ಸರಿಯಾಗಿತ್ತು, ಅಷ್ಟು ಅಚ್ಚುಕಟ್ಟಾಗಿ ಜೋಡಿಸಲು ನನಗೆ ಬರುತ್ತಿರಲಿಲ್ಲ.

"ಏನಿತ್ತಪ್ಪಾ?"

"ಸ್ವಲ್ಪ ಕಸ ಉಳ್ದಿತ್ತು ಸಾಬ್ರೇ," ಎಂದೆ.

"ಅನ್ಕಂಡಿದ್ದೆ," ಎಂದು ಅವರು ತಮ್ಮ ಎರಡೂ ಕೈಗಳನ್ನು ತಿರುವಿ ತಿರುವಿ ನೋಡಿಕೊಂಡರು.